ಸೇಬಿನ ಗೊಜ್ಜಿನಲ್ಲಿ ಕಲಸಿ ಕೊಡಿ

ಗೋಡೆಲೀವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಲೀವ ಎಂದೇ ಕರೆಯುತ್ತಿದ್ದರು. ಐವತ್ತೆಂಟು ವರ್ಷದ ಬದುಕಿನಲ್ಲಿ ಮೂವತ್ತೊಂದನ್ನು ಅವಳು ಒಂದು ದೀಪದ ಪೆಟ್ಟಿಗೆಯ ಮುಂದೆ ಬಗ್ಗಿ ಕುಳಿತೇ ಕಳೆದಿದ್ದಳು. ಸ್ಕೆಲ್ಡ್ ನದಿಯ ದಂಡೆಯ ಆ ಊರಿಗೆ ಡಾಕ್ಟರುಗಳು ಬಂದರು, ಹೋದರು. ಕೆಲವರು ದೊಡ್ಡವರಾದರು, ಕೆಲವರು ತಾವು ದೊಡ್ಡವರೆಂದುಕೊಂಡರು. ಆದರೆ ಪಟ್ಟೆ ಓದಿಸಿಕೊಳ್ಳುವುದಕ್ಕೆ ಎಲ್ಲರೂ ಲೀವಳ ಹತ್ತಿರವೇ ಬರಬೇಕಾಗಿತ್ತು.

ಪಟ್ಟೆ ಎಂದರೆ ಇಷ್ಟೇ. ನಮ್ಮ ರಕ್ತದಲ್ಲಿರುವ ಬಹುಪಾಲು ಪ್ರೋಟೀನುಗಳಿಗೆ ಸಕ್ಕರೆಯ ಸಣ್ಣ ಸಣ್ಣ ಕವಲುಗಳು ಅಂಟಿಕೊಂಡಿರುತ್ತವೆ. ಎಲ್ಲೋ ಒಂದೊಂದು ಮನೆಯಲ್ಲಿ ಆ ಅಂಟಿಸುವ ಕೆಲಸವೇ ಸರಿಯಾಗಿ ನಡೆಯದ ಮಕ್ಕಳು ಹುಟ್ಟುತ್ತಾರೆ. ಅಂಥ ಮಗುವಿನ ರಕ್ತವನ್ನು ತೆಳ್ಳನೆಯ ಲೋಳೆಯ ಹಾಳೆಯ ಮೇಲೆ ಹಾಕಿ ವಿದ್ಯುತ್ ಹರಿಸಿದರೆ, ಗಟ್ಟಿಮುಟ್ಟಾದವರಲ್ಲಿ ಒಂದೇ ಒಂದು ದಪ್ಪ ಪಟ್ಟೆ ಮೂಡುವಲ್ಲಿ, ಇವರಿಗೆ ಅದರ ಕೆಳಗೆ ಇನ್ನೆರಡು ಮೂಡುತ್ತವೆ. ಆ ಎರಡು ಪಟ್ಟೆ ಕಂಡವೆಂದರೆ ಯಾರದೋ ಮನೆಯ ನೆಮ್ಮದಿ ಹೋಯಿತು.

1999ರ ನವೆಂಬರಿನ ಕೊನೆಯ ಸೋಮವಾರ ಲೀವ, ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲಿರುವ ಅಂಥ ಹಾಳೆಯ ಹದಿನೇಳನೇ ಸಾಲನ್ನು ನೋಡುತ್ತ ಕುಳಿತಿದ್ದಳು. ಅದು ಯೋರಿಂಡಳ ಸಾಲು. ಹದಿನಾಲ್ಕು ತಿಂಗಳ ಹೆಣ್ಣು ಮಗು. ವಾಂತಿ, ಊದಿದ ಯಕೃತ್ತು, ಇದ್ದಕ್ಕಿದ್ದ ಹಾಗೆ ಇಳಿದುಹೋಗುವ ರಕ್ತದ ಸಕ್ಕರೆ. ಆಗಸ್ಟಿನಲ್ಲಿ ಆ ಎರಡು ಪಟ್ಟೆ ಕಂಡಾಗ ಪ್ರೊಫೆಸರ್ ಫಾನ್ ಔಟ್ರೈವ ಕುರ್ಚಿಯಿಂದ ಎದ್ದೇ ನಿಂತಿದ್ದರು. ಈ ಗುಂಪಿನ ಕಾಯಿಲೆಗಳಲ್ಲಿ ಹೆಚ್ಚಿನವುಗಳಿಗೆ ಮದ್ದಿಲ್ಲ. ಒಂದೇ ಒಂದಕ್ಕೆ ಇದೆ: ಮನ್ನೋಸ್ ಎಂಬ ಸಕ್ಕರೆಯ ಪುಡಿ ತಿನ್ನಿಸಿದರೆ ಮಗು ಬದುಕಿಕೊಳ್ಳುತ್ತದೆ. ಯೋರಿಂಡಳದು ಆ ಒಂದೇ ಒಂದು ಎಂದು ಪ್ರೊಫೆಸರರು ತೀರ್ಮಾನಿಸಿದರು. ಪಕ್ಕಾ ಮಾಡಿಕೊಳ್ಳಲು ಅವಳ ಚರ್ಮದ ಚೂರನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಪುಡಿ ಕೊಟ್ಟರೆ ನಷ್ಟವೇನು? ಸಕ್ಕರೆ ತಾನೆ!

ಹತ್ತು ವಾರ ಪುಡಿ ತಿಂದ ಮಗುವಿನ ಪಟ್ಟೆಗಳು ತೆಳ್ಳಗಾಗಬೇಕಿತ್ತು. ಲೀವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ದಪ್ಪಗಾಗಿದ್ದವು.

"ಮಾರಾಯ, ಇಲ್ಲಿ ಬಂದು ನೋಡು," ಎಂದು ಅವಳು ವಾನೆಸನನ್ನು ಕರೆದಳು. ಚರ್ಮದ ಕೋಶಗಳನ್ನು ಬೆಳೆಸುವ ಕೆಲಸ ಅವನದು. ಇಪ್ಪತ್ತೊಂಬತ್ತರ ಹುಡುಗ, ಬಾಯಲ್ಲಿ ಸದಾ ಏನಾದರೊಂದು ಅಗಿಯುತ್ತಿರಬೇಕು.

ವಾನೆಸ್ ಬ್ರೆಡ್ಡು ಅಗಿಯುತ್ತಲೇ ಬಗ್ಗಿದ. "ಇದು ಪಟ್ಟೆಯಾ ಲೀವಮ್ಮ, ರೈಲು ಹಳಿಯಾ? ಪ್ರೊಫೆಸರ್‌ಗೆ ತೋರಿಸ್ಬೇಡಿ, ಹೃದಯ ನಿಂತ್ಹೋಗತ್ತೆ. ಜನವರಿ ಸಮ್ಮೇಳನಕ್ಕೆ ಈ ಹುಡುಗೀದೇ ಪ್ರಬಂಧ."

"ತಮಾಷೆ ಸಾಕು. ಯಾಕೆ ಹೆಚ್ಚಾಯ್ತು ಹೇಳು."

"ಡೋಸ್ ಸಾಲ್ತಿಲ್ಲ ಅಂತಾರೆ, ನೋಡ್ತಿರಿ."

ಅವನು ಹೇಳಿದಂತೆಯೇ ಆಯಿತು. ಪ್ರೊಫೆಸರರು ಹಾಳೆಯನ್ನು ಬೆಳಕಿಗೆ ಹಿಡಿದು, ತುಟಿ ಮುಂದೆ ಮಾಡಿ, "ಡೋಸ್ ಸಾಲ್ತಿಲ್ಲ. ಶನಿವಾರದಿಂದ ಎರಡರಷ್ಟು ಕೊಡ್ಲಿ," ಎಂದರು.

ಲೀವಳಿಗೆ ಅಕ್ಟೋಬರಿನ ಒಂದು ಸಾಲು ನೆನಪಿತ್ತು. ಅದನ್ನು ಎತ್ತಿದರೆ ತನ್ನ ಮಾನವೇ ಹೋಗುತ್ತದೆಂದು ಗೊತ್ತಿದ್ದೂ ಎತ್ತಿದಳು. "ಅಕ್ಟೋಬರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಪಟ್ಟೆ ಬಂದಿತ್ತಲ್ಲ ಪ್ರೊಫೆಸರೇ."

"ಅದು ಅವಳ ರಕ್ತ ಅಲ್ಲ ಅಂತ ಆಗ್ಲೇ ಮಾತಾಡಿ ಮುಗಿಸಿದೀವಿ. ಟ್ಯೂಬ್ ಅದಲುಬದಲಾಗಿತ್ತು. ಮೂವತ್ತು ವರ್ಷಕ್ಕೆ ಒಂದು ಸಲ ಯಾರಿಗಾದ್ರೂ ಆಗತ್ತೆ ಲೀವ, ಬೇಜಾರ್ ಮಾಡ್ಕೋಬೇಡಿ."

ಹೀಗೆ ದೊಡ್ಡ ಮನಸ್ಸು ಮಾಡಿ ಕ್ಷಮಿಸುವವರ ಮೇಲೆ ಬರುವ ಸಿಟ್ಟು ಬೈಯುವವರ ಮೇಲೆ ಬರುವುದಿಲ್ಲ. ಆದರೂ ಅವಳು ನಂಬಿದ್ದಳು. ಕಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿದ್ದರು, ಕೈಯೂ ಮೊದಲಿನಂತಿರಲಿಲ್ಲ. ತಾನೇ ಟ್ಯೂಬ್ ಬದಲಿಸಿರಬೇಕೆಂದು ಒಪ್ಪಿಕೊಂಡು, ಪುಸ್ತಕದಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಸಹಿ ಮಾಡಿದ್ದಳು.

ಬುಧವಾರ ತಾಯಿ ಕಾಟೆಲೈನ ಮಗುವನ್ನು ಕರೆತಂದಳು. ಈ ಕೂಸಿನ ರಕ್ತ ತೆಗೆಯುವ ಕೋಣೆಗೆ ಲೀವ ತಾನೇ ಹೋಗುತ್ತಿದ್ದಳು, ಟ್ಯೂಬನ್ನು ಕೂಡಲೇ ಐಸಿನಲ್ಲಿಡಬೇಕು ಎಂಬ ನೆಪದಲ್ಲಿ. ನಿಜ ಹೇಳಬೇಕೆಂದರೆ ಅಕ್ಟೋಬರಿನ ಅವಮಾನದ ನಂತರ ಅವಳು ಆ ಟ್ಯೂಬನ್ನು ಇನ್ನೊಬ್ಬರ ಕೈಗೆ ಬಿಡುತ್ತಿರಲಿಲ್ಲ. ಹೊರಗೆ ನದಿಯಿಂದ ಎದ್ದ ಮಂಜು ಕಿಟಕಿಗೆ ಒತ್ತಿಕೊಂಡಿತ್ತು. ಮಧ್ಯಾಹ್ನ ಎರಡಕ್ಕೇ ದೀಪ ಹಾಕಬೇಕಾಗಿತ್ತು.

ಕಾಟೆಲೈನಳಿಗೆ ಮೂವತ್ತೆರಡು. ಹೂವಿನ ಸಸಿಗಳ ತೋಟದಲ್ಲಿ ಕೆಲಸ, ಬೆರಳ ಸಂದಿಯ ಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಯೋರಿಂಡಳಿಗಿಂತ ಮೊದಲು ಅವಳಿಗೊಂದು ಗಂಡು ಮಗುವಿತ್ತು, ಮಾರ್ನಿಕ್ಸ್. ಒಂಬತ್ತು ತಿಂಗಳಿಗೆ ಯಕೃತ್ತು ಕೈಕೊಟ್ಟು ತೀರಿಕೊಂಡಿತು. ಯಾಕೆಂದು ಆಗ ಯಾರಿಗೂ ತಿಳಿಯಲಿಲ್ಲ. ಉಗ್ರಾಣದಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಅವನ ರಕ್ತದ ಹನಿಯನ್ನು ಈ ಆಗಸ್ಟಿನಲ್ಲಿ ಹುಡುಕಿ ತೆಗೆದು ಲೀವಳೇ ಹಾಳೆಯ ಮೇಲೆ ಹಾಕಿ ನೋಡಿದ್ದಳು. ಅದರಲ್ಲೂ ಅವೇ ಎರಡು ಪಟ್ಟೆ. 'ವಂಶದ ಕಾಯಿಲೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು' ಎಂದಿದ್ದರು ಪ್ರೊಫೆಸರರು.

ಸೂಜಿ ಚುಚ್ಚಿದರೂ ಯೋರಿಂಡ ಅಳಲಿಲ್ಲ. ಅದು ಲೀವಳಿಗೆ ಹಿಡಿಸಲಿಲ್ಲ. ಅಳುವಷ್ಟು ಕಸುವು ಮಗುವಿನಲ್ಲಿ ಉಳಿದಿರಲಿಲ್ಲ. ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದು ಐದು ನಿಮಿಷವಾದರೂ ರಕ್ತ ಜಿನುಗುತ್ತಲೇ ಇತ್ತು.

ನರ್ಸು ಮಗುವಿನ ಕೈಗೆ ಒಂದು ಕಿತ್ತಳೆ ಕೊಟ್ಟಳು. ಸೋಮವಾರ, ಮಕ್ಕಳಿಗೆ ಉಡುಗೊರೆ ತರುವ ಬಿಳಿಗಡ್ಡದ ಸಂತ ಸಿಂಟರ್‌ಕ್ಲಾಸ್ ಬರುವ ದಿನ. ಮಕ್ಕಳಿಗೆ ಕಿತ್ತಳೆ, ಬಾದಾಮಿ ಸಕ್ಕರೆಯ ಹಂದಿಮರಿ, ಚಾಕೊಲೇಟು ಹಂಚುವ ವಾರ. ಯೋರಿಂಡ ಹಣ್ಣನ್ನು ಮೂಸಿದಳು. ಮುಖವನ್ನು ತಾಯಿಯ ಕೋಟಿನೊಳಗೆ ಹುದುಗಿಸಿ, ಹಣ್ಣನ್ನು ಕೆಳಗೆ ಬಿಟ್ಟುಬಿಟ್ಟಳು.

ಕಾಟೆಲೈನ ನಕ್ಕಳು. "ಸಿಂಟ್‌ಗೆ ಇವಳ ಹತ್ರ ಏನೂ ನಡೆಯಲ್ಲ ಬಿಡಿ. ಸಿಹಿ ಕಂಡ್ರೆ ಆಗಲ್ಲ ನನ್ನ ಮಗಳಿಗೆ. ಚೀಸು ಕೊಡಿ, ಆಲೂಗಡ್ಡೆ ಕೊಡಿ, ಸಿಗಡಿ ಕೊಡಿ, ಬೆರಳು ಸಮೇತ ತಿಂತಾಳೆ. ಬಿಸ್ಕತ್ತು ಕೊಟ್ರೆ ನಾಯಿಗೆ ಹಾಕ್ತಾಳೆ. ಆಗಸ್ಟಿನ ತನಕ ಹಣ್ಣಿನ ಗಂಜಿ ಹಟ ಹಿಡಿದು ತಿನ್ಸಿದ್ವಿ, ಆಮೇಲೆ ಬಿಟ್ಬಿಟ್ವಿ."

"ಮತ್ತೆ ಪುಡಿ? ಅದೂ ಸಿಹೀನೇ ಅಲ್ವಾ?"

"ಅಯ್ಯೋ, ಅದನ್ನ ಕೇಳ್ಬೇಡಿ ಲೀವಮ್ಮ. ದಿನಕ್ಕೆ ಮೂರು ಸಲ ಯುದ್ಧ. ನಿಮ್ಮ ಕಾಗದದಲ್ಲಿ ಬರೆದಿರೋ ಹಾಗೆ ಸೇಬಿನ ಗೊಜ್ಜಿನಲ್ಲಿ ಕಲಸ್ತೀನಿ. ಒಂದು ಬಟ್ಟಲು ಪೂರ್ತಿ. ನಮ್ಮತ್ತೆ ಕೈ ಹಿಡ್ಕೋತಾರೆ, ನಾನು ಮೂಗು ಹಿಡೀತೀನಿ. ಉಸಿರಿಗೆ ಬಾಯಿ ತೆಗೀಲೇಬೇಕಲ್ಲ, ಆಗ ಚಮಚ ಒಳಗೆ."

ಆ ಕಾಗದವನ್ನು ಟೈಪು ಮಾಡಿದವಳು ಲೀವ. ಸೇಬಿನ ಗೊಜ್ಜೆಂಬ ಸಲಹೆಯೂ ಅವಳದೇ. ಈ ನಾಡಿನಲ್ಲಿ ಮಕ್ಕಳಿಗೆ ಕಹಿಯಾಗಲಿ ಸಿಹಿಯಾಗಲಿ ಏನು ನುಂಗಿಸಬೇಕಾದರೂ ಸೇಬಿನ ಗೊಜ್ಜೇ ಗತಿ. ಕೋಳಿಗೂ ಅದೇ, ಮಾತ್ರೆಗೂ ಅದೇ. ಅದರ ಬಗ್ಗೆ ಯಾರಾದರೂ ಎರಡನೇ ಸಲ ಯೋಚಿಸುವುದುಂಟೇ?

"ಮಧ್ಯೆ ಸ್ವಲ್ಪ ದಿನ ಚೆನ್ನಾಗಿದ್ಲು," ಎಂದಳು ಕಾಟೆಲೈನ, ಮಗುವಿಗೆ ಟೋಪಿ ತೊಡಿಸುತ್ತ. "ಅಕ್ಟೋಬರ್‌ನಲ್ಲಿ ಪುಡಿ ಜರ್ಮನಿಯಿಂದ ಬರೋದು ಮೂರು ವಾರ ತಡ ಆಯ್ತಲ್ಲ, ಆಗ. ನನಗೋ ಜೀವ ಬಾಯಿಗೆ ಬಂದಿತ್ತು, ಔಷಧಿ ಇಲ್ದೆ ಏನಾಗತ್ತೋ ಅಂತ. ಇವಳು ನೋಡಿದ್ರೆ ನಿಲ್ಲೋದು ಕಲಿತ್ಲು! ಪುಡಿ ಬಂತು, ಮತ್ತೆ ಮಲಗಿದ್ಲು. ವಿಚಿತ್ರ ಅಲ್ವಾ?"

ಲೀವ ಟ್ಯೂಬನ್ನು ಐಸಿನೊಳಗೆ ಒತ್ತಿ ಮುಚ್ಚಳ ಹಾಕಿದಳು. ಪಟ್ಟೆ ಓದುವವರು ಮನೆಯವರ ಜೊತೆ ಫಲಿತಾಂಶದ ಮಾತಾಡಬಾರದು ಎಂಬುದು ಆ ಪ್ರಯೋಗಾಲಯದ ನಿಯಮ. ಮೂವತ್ತೊಂದು ವರ್ಷ ಅವಳು ಅದನ್ನು ಮೀರಿರಲಿಲ್ಲ. ಐಸಿನ ಡಬ್ಬಿ ಎತ್ತಿಕೊಂಡು ಹೊರಟಳು.

ಮೆಟ್ಟಿಲು ಹತ್ತುವಾಗಲೇ ಅವಳಿಗೆ ಗೊತ್ತಾಗಿಹೋಗಿತ್ತು, ಒಪ್ಪಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ. ಅಕ್ಟೋಬರಿನಲ್ಲಿ ಟ್ಯೂಬ್ ಬದಲಾಗಿರಲಿಲ್ಲ. ಆ ಒಂದೇ ಪಟ್ಟೆ ಯೋರಿಂಡಳದೇ. ಪುಡಿ ಇಲ್ಲದ ಮೂರು ವಾರದಲ್ಲಿ ಮಗು ತಾನಾಗಿಯೇ ಹುಷಾರಾಗಿತ್ತು. ಪುಡಿ ಇಲ್ಲವೆಂದರೆ ಗೊಜ್ಜೂ ಇಲ್ಲ.

ಲೀವ ಏನನ್ನೂ ಬಿಸಾಡುವವಳಲ್ಲ. ಅವಳ ಬೀರುವಿನಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಗಳ ತುಂಬ ಒಣಗಿದ ಹಾಳೆಗಳಿದ್ದವು, ವರ್ಷವಾರು. ಅದಕ್ಕಾಗಿ ವಾನೆಸನಿಂದ ಬೈಸಿಕೊಂಡಿದ್ದುಂಟು, 'ನಿಮ್ಮ ತವರುಮನೆ ಅಟ್ಟಕ್ಕೆ ಸಾಗಿಸಿ ಇವನ್ನೆಲ್ಲ' ಎಂದು. ಗುರುವಾರ ಅರ್ಧ ದಿನ ಹುಡುಕಿ ಅವಳು ಏಳು ವರ್ಷದ ಹಿಂದಿನ ಒಂದು ಹಾಳೆ ತೆಗೆದಳು. ಇನ್ನೊಂದು ಊರಿನಿಂದ ಬಂದಿದ್ದ ರಕ್ತ. ಅದರಲ್ಲೂ ಅವೇ ಎರಡು ಪಟ್ಟೆ. ಅಂಚಿನಲ್ಲಿ ಅವಳದೇ ಕೈಬರಹ: 'ನಮ್ಮ ಕಾಯಿಲೆ ಅಲ್ಲ. ಹಣ್ಣಿನ ಸಕ್ಕರೆ ಆಗದ ಮಗು. ಹಣ್ಣು ನಿಲ್ಲಿಸಿದ ಮೇಲೆ ಪಟ್ಟೆ ಮಾಯ.' ಕೆಳಗೆ ಪ್ರೊಫೆಸರರ ಒಂದೇ ಪದ: 'ಕಸ.'

ಅಂಥ ಮಕ್ಕಳೂ ಇದ್ದಾರೆ, ಅದೂ ತಂದೆತಾಯಿಯ ಕಡೆಯಿಂದ ಬರುವ ಕಾಯಿಲೆಯೇ. ಹಣ್ಣಿನಲ್ಲಿರುವ, ನಾವು ತಿನ್ನುವ ಬಿಳಿ ಸಕ್ಕರೆಯಲ್ಲಿ ಅರ್ಧ ಇರುವ ಆ ಸಿಹಿಯನ್ನು ಅವರ ಯಕೃತ್ತು ಅರಗಿಸಲಾರದು. ಅರಗದ ಸಿಹಿ ಅಲ್ಲೇ ಕೂತು ಎಲ್ಲವನ್ನೂ ಕೆಡಿಸುತ್ತದೆ, ಸಕ್ಕರೆಯ ಕವಲು ಅಂಟಿಸುವ ಕೆಲಸವನ್ನೂ ಸೇರಿಸಿ. ಪಟ್ಟೆಗೆ ಇದು ಆ ಕಾಯಿಲೆಯೋ ಈ ಕಾಯಿಲೆಯೋ ಎಂದು ಹೇಳಲು ಬರುವುದಿಲ್ಲ. ಹೊಟ್ಟೆನೋವಿನ ಮಗುವನ್ನು ಹೊಟ್ಟೆಯ ಡಾಕ್ಟರು ಸಿಹಿ ನಿಲ್ಲಿಸಿ ನೋಡುತ್ತಿದ್ದರೇನೋ. ಆದರೆ ಯೋರಿಂಡ ಬಂದದ್ದು ಇಡೀ ಜೀವಮಾನ ಎರಡು ಪಟ್ಟೆಗಳನ್ನೇ ಹುಡುಕುತ್ತ ಕುಳಿತವರ ಬಾಗಿಲಿಗೆ. ಹುಡುಕುತ್ತಿದ್ದವರಿಗೆ ಸಿಕ್ಕಿತು. ಮುಂದೆ ಯಾರೂ ನೋಡಲಿಲ್ಲ.

ಶುಕ್ರವಾರ ಲೀವ ಆ ಹಾಳೆಯನ್ನು ಹಿಡಿದುಕೊಂಡು ಪ್ರೊಫೆಸರರ ಕೋಣೆಗೆ ಹೋದಳು. ಜೊತೆಗೆ ವಾನೆಸನನ್ನೂ ಎಳೆದುಕೊಂಡು ಹೋದಳು. ಪ್ರೊಫೆಸರರು ಸಿಂಟರ್‌ಕ್ಲಾಸನ ಕೆಂಪು ನಿಲುವಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಹನ್ನೆರಡು ವರ್ಷದಿಂದ ಮಕ್ಕಳ ವಾರ್ಡಿಗೆ ಸಿಂಟ್ ಆಗಿ ಹೋಗುವವರು ಅವರೇ. ಈ ಸಲ ಅಂಗಿ ಹೊಟ್ಟೆಗೆ ಬಿಗಿಯಾಗಿತ್ತು.

ಅವಳು ಎಲ್ಲವನ್ನೂ ಹೇಳಿದಳು. ಅವರು ಹಾಳೆಯನ್ನು ನೋಡಿದರು, ತಮ್ಮದೇ 'ಕಸ'ವನ್ನೂ ನೋಡಿದರು.

"ವಾನೆಸ್, ಕೋಶ ಏನ್ ಹೇಳತ್ತೆ?"

ವಾನೆಸ್ ಈ ಸಲ ಏನನ್ನೂ ಅಗಿಯುತ್ತಿರಲಿಲ್ಲ. "ಮೊದಲ್ನೇ ಸಲ ಅಳೆದೆ. ಇರಬೇಕಾದ್ದು ಎಲ್ಲ ಸರಿಯಾಗಿದೆ. ಕಾಯಿಲೆ ಇರೋ ಕೋಶದ ಥರ ಕಾಣ್ಲಿಲ್ಲ."

"ಒಂದೇ ಸಲ ಅಳೆದು ಬಾಯಿ ಬಿಡ್ತೀರಾ? ಇನ್ನೊಂದು ತಟ್ಟೆ ಬೆಳೆಸಿ. ಆಮೇಲೆ ನೋಡೋಣ."

"ಅದಕ್ಕೆ ಮೂರು ವಾರ ಬೇಕು ಪ್ರೊಫೆಸರೇ," ಎಂದಳು ಲೀವ. "ನಾಳೆಯಿಂದ ಎರಡು ಬಟ್ಟಲು ಗೊಜ್ಜು ಹೋಗತ್ತೆ ಅದರ ಹೊಟ್ಟೆಗೆ. ನೀರಲ್ಲಾದ್ರೂ ಕಲಸಿ ಕೊಡಿ ಅಂತ ಫೋನ್ ಮಾಡ್ಲಾ?"

"ಬೇಡ. ಒಂದ್ಸಲ ಒಂದು ಹೇಳಿ, ಇನ್ನೊಂದ್ಸಲ ಇನ್ನೊಂದು ಹೇಳಿದ್ರೆ ಆ ತಾಯಿ ಗತಿ ಏನು? ಒಂದು ಮಗೂನ ಮಣ್ಣು ಮಾಡಿದಾಳೆ ಆಕೆ. ನಾನೇ ಮಂಗಳವಾರ ಅವಳನ್ನ ಕರೆಸಿ ಮಾತಾಡ್ತೀನಿ." ಅವರು ಟೋಪಿಯನ್ನು ತಲೆಗಿಟ್ಟುಕೊಂಡು ಸರಿಮಾಡಿಕೊಂಡರು. "ಲೀವ, ನಿಮಗೆ ರಜೆ ಬೇಕು. ಕಣ್ಣಿಗೂ ಬೇಕು, ತಲೆಗೂ ಬೇಕು."

ಅವರು ಕೆಟ್ಟವರಲ್ಲ. ಆ ಮಗುವಿಗಾಗಿ ಪುಡಿ ತರಿಸಲು ಎಷ್ಟು ಕಚೇರಿ ಅಲೆದಿದ್ದರೆಂದು ಲೀವಳಿಗೆ ಗೊತ್ತಿತ್ತು. ಕೆಟ್ಟವರಾಗಿದ್ದರೆ ಅವಳು ಆ ಸಂಜೆಯೇ ಫೋನ್ ಮಾಡುತ್ತಿದ್ದಳು. ಶನಿವಾರ ಬೆಳಿಗ್ಗೆ ಎರಡು ಸಲ ಫೋನ್ ಕೈಗೆತ್ತಿಕೊಂಡಳು, ಕಾಟೆಲೈನಳ ಮನೆಯ ನಂಬರಿನ ಮೊದಲ ನಾಲ್ಕು ಅಂಕಿ ಒತ್ತಿದಳು, ಇಟ್ಟಳು. ತನ್ನ ಕಣ್ಣೇ ಮೋಸ ಮಾಡಿದ್ದರೆ? ತನ್ನ ಮಾತು ಕೇಳಿ ಔಷಧಿ ನಿಂತು, ಮಗು ಅದರಿಂದಲೇ ಸತ್ತರೆ? ಮಂಗಳವಾರಕ್ಕೆ ಇನ್ನು ಮೂರು ದಿನ ತಾನೆ ಎಂದು ಮನಸ್ಸಿಗೆ ಹೇಳಿಕೊಂಡು ಮಾರ್ಕೆಟ್ಟಿಗೆ ಹೋಗಿ ಮೀನು ತಂದಳು. ಆ ಹೇಡಿತನಕ್ಕಾಗಿ ಅವಳು ಆಮೇಲೆ ಯಾವತ್ತೂ ತನ್ನನ್ನು ತಾನು ಕ್ಷಮಿಸಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಾರ್ಡಿನಿಂದ ಬಂದ ಟ್ಯೂಬುಗಳ ಬುಟ್ಟಿಯಲ್ಲಿ ಯೋರಿಂಡಳ ಹೆಸರಿತ್ತು. ಅದು ವಾಡಿಕೆಯ ಪರೀಕ್ಷೆಯದಲ್ಲ. ಚೀಟಿಯ ಮೇಲೆ 'ಒಳರೋಗಿ, ಮೂಗಿನಿಂದ ರಕ್ತ, ನಿನ್ನೆ ಸಂಜೆ ದಾಖಲು' ಎಂದಿತ್ತು. ಲೀವ ಟ್ಯೂಬನ್ನು ಅಲ್ಲೇ ಬಿಟ್ಟು ಓಡಿದಳು. ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳದೆ, ಅಂಗಳ ದಾಟಿ, ಮಂಜಿನಲ್ಲಿ ಜಾರುತ್ತ.

ಮಕ್ಕಳ ವಾರ್ಡಿನಲ್ಲಿ ಹಾಡು ನಡೆದಿತ್ತು. ಗಡ್ಡ ಅಂಟಿಸಿಕೊಂಡು ಕೋಲು ಹಿಡಿದ ಸಿಂಟರ್‌ಕ್ಲಾಸ್ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತ ಬಾದಾಮಿ ಸಕ್ಕರೆಯ ಹಂದಿಮರಿ ಹಂಚುತ್ತಿದ್ದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಯೋರಿಂಡ ಅರಿಶಿನ ಬಣ್ಣಕ್ಕೆ ತಿರುಗಿ ಮಲಗಿದ್ದಳು, ಮೂಗಿನಲ್ಲಿ ಹತ್ತಿ, ಕೈಗೆ ಡ್ರಿಪ್ಪು. ಅಜ್ಜಿ ಇರ್ಮಾ ಮಗುವಿನ ಎರಡೂ ಕೈ ಹಿಡಿದುಕೊಂಡಿದ್ದಳು. ಕಾಟೆಲೈನಳ ಕೈಯಲ್ಲಿ ಬಟ್ಟಲು.

"ತಿನ್ನು ಚಿನ್ನ, ಸಿಂಟ್ ನೋಡ್ತಿದಾರೆ ನೋಡು," ಎನ್ನುತ್ತಿದ್ದಳು ಇರ್ಮಾ. "ಇದು ತಿಂದ್ರೆ ವಾಸಿಯಾಗತ್ತೆ."

ಲೀವ ಬಟ್ಟಲನ್ನು ಕಿತ್ತುಕೊಂಡಳು. ಗೊಜ್ಜು ಹೊದಿಕೆಯ ಮೇಲೆ ಚೆಲ್ಲಿತು. ಹಾಡು ನಿಂತಿತು.

"ಏನ್ ಮಾಡ್ತಿದೀರಿ!" ಎಂದಳು ಕಾಟೆಲೈನ. "ಅದು ಔಷಧಿ!"

ಲೀವ ಹಾಸಿಗೆಯ ಕಾಲ್ದೆಸೆಯಲ್ಲಿ ತೂಗುಹಾಕಿದ್ದ ಹಾಳೆಯನ್ನು ಎತ್ತಿಕೊಂಡು ಓದಿದಳು. ಒಂದು ಸಾಲಿನಲ್ಲಿ ನರ್ಸುಗಳು ಪುಡಿ ಕೊಟ್ಟ ಹೊತ್ತು ಬರೆದಿದ್ದರು, ಇನ್ನೊಂದರಲ್ಲಿ ಗಂಟೆಗಂಟೆಗೆ ಅಳೆದ ರಕ್ತದ ಸಕ್ಕರೆ. ಎರಡು ಸಾಲನ್ನು ಒಟ್ಟಿಗೆ ಓದುವ ಅಭ್ಯಾಸ ಆ ವಾರ್ಡಿನಲ್ಲಿ ಬೇರೆ ಯಾರಿಗಿದ್ದೀತು? ನಿನ್ನೆ ಸಂಜೆ ಆರಕ್ಕೆ ಪುಡಿ, ಏಳಕ್ಕೆ ಸಕ್ಕರೆ ಕುಸಿತ. ಇವತ್ತು ಬೆಳಿಗ್ಗೆ ಏಳಕ್ಕೆ ಪುಡಿ, ಎಂಟಕ್ಕೆ ಕುಸಿತ. ನಡುವಿನ ಅಷ್ಟೂ ಹೊತ್ತು ಏನೂ ಕೊಡದಿದ್ದಾಗ ನೆಟ್ಟಗಿತ್ತು.

ಅವಳು ಹಾಳೆಯನ್ನು ಸಿಂಟರ್‌ಕ್ಲಾಸನ ಮೂಗಿನ ಕೆಳಗೆ ಹಿಡಿದಳು. ಬೆರಳಿಟ್ಟು ತೋರಿಸಿದಳು, ಇಲ್ಲಿ, ಇಲ್ಲಿ. "ನನ್ನ ಕಣ್ಣು ಸರಿ ಇಲ್ಲ ಪ್ರೊಫೆಸರೇ. ನೀವೇ ಓದಿ."

ಅವರು ಓದಿದರು. ಬಿಳಿ ಗಡ್ಡದ ಮೇಲಿನ ಕೆನ್ನೆಗಳು ಗಡ್ಡದಷ್ಟೇ ಬೆಳ್ಳಗಾದವು. ಸುತ್ತ ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು, ಆದ್ದರಿಂದ ಅವರು ಗಡ್ಡ ತೆಗೆಯುವಂತಿರಲಿಲ್ಲ.

"ಎಲ್ಲ ನಿಲ್ಸಿ," ಎಂದರು ನರ್ಸಿಗೆ, ಅವರದಲ್ಲವೆನಿಸುವ ದನಿಯಲ್ಲಿ. "ಪುಡಿ, ಗೊಜ್ಜು, ಹಣ್ಣು, ಸಿರಪ್ಪು, ಸಿಹಿ ಅಂತ ಇರೋದೆಲ್ಲ. ಡ್ರಿಪ್ಪಲ್ಲಿ ಗ್ಲೂಕೋಸ್ ಹೆಚ್ಚಿಸಿ. ಈಗ್ಲೇ." ಆಮೇಲೆ ಮುಂದಿನ ಹಾಸಿಗೆಗೆ ಹೋಗಿ, ಅಲ್ಲಿದ್ದ ಹುಡುಗಿಗೆ ಒಂದರ ಬದಲು ಎರಡು ಹಂದಿಮರಿ ಕೊಟ್ಟರು. ಲೀವಳಿಗೆ ಗೆದ್ದೆನೆಂದು ಅನ್ನಿಸಲೇ ಇಲ್ಲ, ಭಯವೇ ಆಯಿತು.

ಎರಡು ದಿನ ಮಗು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಬುಧವಾರ ರಾತ್ರಿಯೆಲ್ಲ ಮೂಗಿನ ರಕ್ತ ಬರಲಿಲ್ಲ. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಯೋರಿಂಡ ಎದ್ದು ಕೂತು ಆಲೂಗಡ್ಡೆಗಾಗಿ ರಂಪ ಮಾಡಿದಳು. ವಾನೆಸ್ ಓಡಿಬಂದು ಆ ಸುದ್ದಿ ಹೇಳಿದಾಗ ಲೀವ ಕೋಶದ ತಟ್ಟೆಗಳ ಮುಂದೆಯೇ ಅತ್ತುಬಿಟ್ಟಳು.

ಅವಳು ವಾರ್ಡಿಗೆ ಹೋದಾಗ ಕಾಟೆಲೈನ ಹೊರಗಿನ ಓಣಿಯಲ್ಲಿ ಗೋಡೆಗೊರಗಿ ನಿಂತಿದ್ದಳು. ಪ್ರೊಫೆಸರರು ಆಗಷ್ಟೇ ಎಲ್ಲವನ್ನೂ ಹೇಳಿ, ತಪ್ಪಾಯಿತೆಂದು ಕೈ ಹಿಡಿದು ಹೋಗಿದ್ದರಂತೆ.

"ಅವಳು ಹೇಳ್ತಾನೇ ಇದ್ಲು," ಎಂದಳು ಕಾಟೆಲೈನ. "ಹಲ್ಲು ಕಚ್ಕೊಂಡು ಹೇಳ್ತಾನೇ ಇದ್ಲು. ನಾನು ಮೂಗು ಹಿಡಿದೆ."

"ಹಾಗೆ ಬರೆದು ಕೊಟ್ಟಿದ್ದು ನಾನು. ಶುಕ್ರವಾರವೇ ನನಗೆ ಗೊತ್ತಿತ್ತು, ಫೋನ್ ಮಾಡ್ಲಿಲ್ಲ. ನೀವು ನನ್ನ ಬೈಬೇಕು."

ಕಾಟೆಲೈನ ಬೈಯಲಿಲ್ಲ. ಅವಳ ಮನಸ್ಸು ಎಲ್ಲೋ ಇತ್ತು. "ಲೀವಮ್ಮ, ಮಾರ್ನಿಕ್ಸ್ ಹುಟ್ಟಿ ಐದು ತಿಂಗಳವರೆಗೂ ಚೆನ್ನಾಗಿದ್ದ. ಆಮೇಲೆ ನಾನು ತೋಟದ ಕೆಲಸಕ್ಕೆ ಹೋದೆ. ಅತ್ತೆ ನೋಡ್ಕೊಂಡ್ರು. ಎಲ್ಲಾ ಮಕ್ಕಳಿಗೂ ಕೊಡೋ ಹಾಗೆ ನಾಲ್ಕು ಗಂಟೆಗೆ ಹಣ್ಣಿನ ಗಂಜಿ ಶುರು ಮಾಡಿದ್ರು. ಬಾಳೆಹಣ್ಣು, ಸೇಬು ಕಿವುಚಿ, ಕಿತ್ತಳೆ ರಸ ಹಿಂಡಿ. ತಿನ್ನಲ್ಲ ಅಂತ ಹಟ ಮಾಡಿದ್ರೆ, ಹಾಡು ಹೇಳ್ಕೊಂಡು, ಒಂದು ಗಂಟೆ ಕೂತು ತಿನ್ಸೋರು. ಒಂದು ದಿನ ಕೂಡ ತಪ್ಪಿಸ್ಲಿಲ್ಲ." ಅವಳು ಲೀವಳ ಮುಖ ನೋಡಿದಳು. "ಅವನದೂ ಇದೇ ಅಲ್ವಾ?"

ಲೀವ ತಲೆಯಾಡಿಸಿದಳು, ಹೌದೆಂದು.

ಕಾಟೆಲೈನ ವಾರ್ಡಿನ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದಳು. ಆಮೇಲೆ, "ಅತ್ತೆಗೆ ಗೊತ್ತಾಗ್ಬಾರ್ದು," ಎಂದಳು. "ಎಪ್ಪತ್ನಾಲ್ಕು ವರ್ಷ ಅವರಿಗೆ. ಪ್ರತಿ ಭಾನುವಾರ ಅವನ ಸಮಾಧಿಗೆ ಹೋಗ್ತಾರೆ. ಗೊತ್ತಾದ್ರೆ ಸತ್ತೇ ಹೋಗ್ತಾರೆ. ನನಗೆ ಮಾತು ಕೊಡಿ."

ಲೀವ ಮಾತು ಕೊಟ್ಟಳು. ಅಷ್ಟರಲ್ಲಿ ವಾರ್ಡಿನ ಬಾಗಿಲು ತಳ್ಳಿಕೊಂಡು ಇರ್ಮಾ ಬಂದಳು, ಕೋಟು ತೊಟ್ಟು, ಚೀಲ ಹಿಡಿದು, ಹೊರಡುವ ಅವಸರದಲ್ಲಿ. ಲೀವಳನ್ನು ಕಂಡು ನಿಂತಳು. ಸಣ್ಣ ಹೆಂಗಸು, ಬೆನ್ನು ನೆಟ್ಟಗೆ.

"ನೀವೇ ಅಲ್ವಾ ಬಟ್ಟಲು ಕಿತ್ಕೊಂಡೋರು? ಅವತ್ತು ನಿಮ್ಮನ್ನ ಹುಚ್ಚಿ ಅಂದ್ಕೊಂಡೆ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ." ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಒಂದು ಮಾತು ಕೇಳ್ತೀನಿ, ಮುಚ್ಚಿಡ್ಬೇಡಿ. ನಮ್ಮ ಮಾರ್ನಿಕ್ಸ್‌ಗೂ ಇದೇ ಇತ್ತಾ?"

ಅವಳ ಹಿಂದೆ ಕಾಟೆಲೈನ ಬೇಡ ಎಂದು ತಲೆಯಾಡಿಸುತ್ತಿದ್ದಳು.

"ಇಲ್ಲ ಅಮ್ಮ," ಎಂದಳು ಲೀವ. "ಅವನದು ಬೇರೆ."

ಇರ್ಮಾ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ಕಣ್ಣಲ್ಲಿ ನೀರು ತುಂಬಿತು. "ಸದ್ಯ. ಮೂರು ದಿನದಿಂದ ಊಟ ಸೇರಿಲ್ಲ ನನಗೆ, ನನ್ನ ಕೈಯಾರೆ ತಿನ್ಸಿದ್ದೇ ಏನಾದ್ರೂ ಆಗಿ ಅವನು ಹೋದ್ನಾ ಅಂತ. ಸದ್ಯ ಬದುಕಿದೆ." ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಗೋಡೆಯ ಗಡಿಯಾರ ನೋಡಿದಳು. ಮೂರು ಗಂಟೆ. "ಬರ್ತೀನಿ ಹಾಗಾದ್ರೆ. ಬಸ್ಸಿಗೆ ಹೊತ್ತಾಯ್ತು. ಚಿಕ್ಕ ಮಗನ ಮನೇಲಿ ಕಾಯ್ತಿರ್ತಾರೆ. ಇವಳ ತಂಗೀನೇ ಅಲ್ವಾ ಅವನು ಕಟ್ಕೊಂಡಿರೋದು, ಅಣ್ಣ ತಮ್ಮಂದಿರಿಗೆ ಅಕ್ಕ ತಂಗೀರು. ಕೂಸಿಗೆ ಮೊನ್ನೆ ಐದು ತಿಂಗಳು ತುಂಬ್ತು. ಇವತ್ತು ಹಣ್ಣಿನ ಗಂಜಿ ಶುರು ಮಾಡ್ತಾರಂತೆ. ಮೊದಲ್ನೇ ಚಮಚ ಅಜ್ಜೀದೇ ಅಂತ ಹೇಳಿಟ್ಟಿದೀನಿ."

ಕಾಟೆಲೈನ ಗೋಡೆಯನ್ನು ಹಿಡಿದುಕೊಂಡಳು. ಇರ್ಮಾ ಆಗಲೇ ಎರಡು ಹೆಜ್ಜೆ ಇಟ್ಟಿದ್ದಳು.

ಲೀವ ಹೋಗಿ ಅವಳ ಕೋಟಿನ ತೋಳು ಹಿಡಿದಳು. "ಕೂತ್ಕೊಳ್ಳಿ ಅಮ್ಮ. ನಾನು ಈಗ ಹೇಳಿದ್ದು ಸುಳ್ಳು."

ಇರ್ಮಾ ಕೂರಲಿಲ್ಲ. ಲೀವಳ ಮುಖವನ್ನು ನೋಡಿದಳು, ತಿರುಗಿ ಸೊಸೆಯ ಮುಖವನ್ನು ನೋಡಿದಳು, ಅಲ್ಲಿದ್ದದ್ದನ್ನೆಲ್ಲ ಓದಿಕೊಂಡಳು. ಕೈಯ ಚೀಲ ಜಾರಿ ಕೆಳಗೆ ಬಿದ್ದಿತು.

"ಫೋನ್ ಎಲ್ಲಿದೆ?" ಎಂದಳು. "ಮೊದಲು ಚಿಕ್ಕವನ ಮನೆಗೆ ಫೋನ್ ಮಾಡಿ. ನನಗೆ ಆಮೇಲೆ ಹೇಳಿ."